ಕೂತವರು ಏಳಲಿ

ನಮ್ಮೂರಿನಲ್ಲಿ ಬರೆದದ್ದು ನಡೆಯುತ್ತದೆ. ಬರಹದ ಕಚೇರಿಯ ಕಂಪ್ಯೂಟರಿನಲ್ಲಿ ಊರಿನ ಕಡತವಿದೆ, ಹತ್ತಿರ ಹತ್ತಿರ ನಲವತ್ತು ಸಾವಿರ ಸಾಲು. ಜನ ಚೀಟಿ ತಂದುಕೊಡುತ್ತಾರೆ, ನಾವು ಐದು ಜನ ನೌಕರರು ಅದನ್ನು ನೋಡಿ ಕಡತಕ್ಕೆ ಸಾಲು ಸೇರಿಸುತ್ತೇವೆ. ಕುಂಬಾರ ಬೀದಿಯ ನಲ್ಲಿಯಲ್ಲಿ ಆರಕ್ಕೆ ನೀರು ಬರಲಿ ಎಂದು ಬರೆದರೆ ಆರಕ್ಕೆ ಬರುತ್ತದೆ. ಸಂತೆಮಾಳದಲ್ಲಿ ಮೂರರ ಮೇಲೆ ನೆರಳು ಬೀಳಲಿ ಎಂದರೆ ಮೋಡ ಇಲ್ಲದಿದ್ದರೂ ನೆರಳು ಬೀಳುತ್ತದೆ. ಉಳಿಸಿದ ಸಾಲು ಊರಿಗೆ ತಾಕುವುದಕ್ಕೆ ಕೆಲವು ಸಲ ಒಂದು ನಿಮಿಷ ಸಾಕು, ಕೆಲವು ಸಲ ಅರ್ಧ ದಿನ ಬೇಕು. ಯಾಕೆ ಎಂದು ನನ್ನನ್ನು ಕೇಳಬೇಡಿ, ನನಗಿಂತ ಮುಂಚೆ ಇದ್ದವರಿಗೂ ಗೊತ್ತಿರಲಿಲ್ಲ.

ಗೊತ್ತಿರಬೇಕಾದದ್ದು ಕೊಂಡಿ ಹಾಕುವುದು. ಮೀಸೆಯನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದಂತೆ ಕಾಣುವ ಎರಡು ಗುರುತುಗಳು, ಒಂದು ತೆರೆಯುವ ಕೊಂಡಿ, ಇನ್ನೊಂದು ಮುಚ್ಚುವ ಕೊಂಡಿ. ಎಲ್ಲಿ, ಯಾವಾಗ, ಯಾರ ಮನೆಗೆ ಎಂಬ ಷರತ್ತನ್ನು ಮೇಲೆ ಬರೆದು, ಆಗಬೇಕಾದದ್ದನ್ನು ಎರಡು ಕೊಂಡಿಗಳ ನಡುವೆ ಇಡಬೇಕು. ಒಳಗಿದ್ದ ಸಾಲು ಆ ಷರತ್ತಿಗೆ ಮಾತ್ರ, ಹೊರಗೆ ಬಿದ್ದ ಸಾಲು ಊರಿಗೆಲ್ಲ. ಹಿಂದೊಮ್ಮೆ ಬಿಪಿ ಇದ್ದ ಮುದುಕರೊಬ್ಬರ ಮನೆಗೆಂದು ಬರೆದ ‘ಸಾರಿಗೆ ಉಪ್ಪು ಕಮ್ಮಿ ಇರಲಿ’ ಎಂಬ ಸಾಲು ಕೊಂಡಿಯಾಚೆ ಉಳಿದುಬಿಟ್ಟು, ಊರಿಗೆ ಊರೇ ಒಂದು ವಾರ ಸಪ್ಪೆ ಸಾರು ಉಂಡಿತ್ತು. ಆ ವಾರ ಮದುವೆ ಇಟ್ಟುಕೊಂಡಿದ್ದವರು ಕಚೇರಿಗೇ ಬಂದು ಬಾಯಿಗೆ ಬಂದಂತೆ ಬೈದು ಹೋಗಿದ್ದರು.

ನಮ್ಮ ಹಿರಿಯರು ಚೆನ್ನಿಗಪ್ಪನವರು, ಅರವತ್ತರ ಹತ್ತಿರದವರು, ಎಲ್ಲವನ್ನೂ ಕೈಯಾರೆ ಬರೆಯುವವರು. ತೆರೆಯುವ ಕೊಂಡಿ ಒತ್ತುತ್ತಾರೆ, ಕನ್ನಡಕ ಸರಿಮಾಡಿಕೊಂಡು ಮುಚ್ಚುವ ಕೊಂಡಿ ಒತ್ತುತ್ತಾರೆ, ಆಮೇಲೆ ನಡುವೆ ಹೋಗಿ ಒಂದೊಂದೇ ಅಕ್ಷರ ಕೂರಿಸುತ್ತಾರೆ. ನೋಡುತ್ತಾ ನಿಂತರೆ ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತದೆ! ನನ್ನದು ಬೇರೆ ದಾರಿ. ಮೊದಲು ಸಾಲುಗಳನ್ನು ಬಡಬಡ ಬರೆದುಬಿಡುವುದು, ಶಿಫ್ಟ್ ಹಿಡಿದು ಕೆಳಗಿನ ಬಾಣ ಒತ್ತುತ್ತಾ ಅವನ್ನೆಲ್ಲ ಆರಿಸಿಕೊಳ್ಳುವುದು, ಆಮೇಲೆ ಕಂಟ್ರೋಲ್, ಶಿಫ್ಟ್, ಬಿ. ಮೂರೇ ಗುಂಡಿ. ನಾನು ಮೊದಲೇ ಬರೆದಿಟ್ಟುಕೊಂಡ ತುಣುಕೊಂದು ಬಂದು ಮೇಲೊಂದು ಕೊಂಡಿ, ಕೆಳಗೊಂದು ಕೊಂಡಿ ತಾನೇ ಹಾಕಿಬಿಡುತ್ತದೆ, ಕರ್ಸರ್ ಷರತ್ತಿನ ಜಾಗದಲ್ಲಿ ಮಿಣಮಿಣ ಎನ್ನುತ್ತಾ ಕಾದಿರುತ್ತದೆ. “ಕಾಮಾಕ್ಷಮ್ಮ, ಕೊಂಡಿ ಹಾಕೋದು ಕುಕ್ಕರಿಗೆ ಮುಚ್ಚಳ ಹಾಕಿದ ಹಾಗಲ್ಲ ಕಣಮ್ಮ,” ಎನ್ನುತ್ತಿದ್ದರು ಅವರು. “ನೀವು ಒಂದು ಕೊಂಡಿ ಮುಚ್ಚೋಷ್ಟರಲ್ಲಿ ನಾನು ಊಟ ಮುಗಿಸ್ಕೊಂಡು ಬಂದಿರ್ತೀನಿ ಸಾರ್,” ಎನ್ನುತ್ತಿದ್ದೆ ನಾನು. ಎಲ್ಲರೂ ನಗುತ್ತಿದ್ದರು, ಅವರೂ ಸೇರಿ.

ಕಡತಕ್ಕೆ ಒಂದು ಹಟವಿದೆ. ಒಬ್ಬರ ಮೈ ಸರಿಹೋಗಲಿ ಎಂದು ಬರೆದ ಸಾಲು ಅದರಲ್ಲಿ ನಿಲ್ಲುವುದಿಲ್ಲ. ನೋವು ಹೋಗಲಿ, ಜ್ವರ ಇಳಿಯಲಿ ಎಂದು ಬರೆದರೆ ಉಳಿಸುವ ಮುಂಚೆಯೇ ಪರದೆಯಿಂದ ಮಾಯ. ಇದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಮ್ಮಕ್ಕನಿಗಾಗಿ ಕದ್ದುಮುಚ್ಚಿ ನೂರು ಸಲ ಬರೆದು ನೋಡಿದ್ದೇನೆ. ಅಕ್ಕ, ಸುಭದ್ರಕ್ಕ, ಊರಿನ ಒಂದೇ ಒಂದು ಬಸ್ಸಿಗೆ ಇಪ್ಪತ್ತೆರಡು ವರ್ಷ ಕಂಡಕ್ಟರ್ ಆಗಿದ್ದವಳು. ಇಪ್ಪತ್ತೆರಡು ವರ್ಷ ನಿಂತೇ ಇದ್ದಳು. ನಾಲ್ಕು ವರ್ಷದ ಹಿಂದೆ ಫುಟ್‌ಬೋರ್ಡಿನಿಂದ ಬಿದ್ದು ಸೊಂಟ ಹೋಯಿತು. ಅಂದಿನಿಂದ ಕಿಟಕಿಯ ಪಕ್ಕದ ಕುರ್ಚಿಯೇ ಅವಳ ಊರು. ಮನೆಯಲ್ಲಿ ನಾವಿಬ್ಬರೇ. ಬೆಳಿಗ್ಗೆ ಎತ್ತಿ ಕೂರಿಸುತ್ತೇನೆ, ಸಂಜೆ ಎತ್ತಿ ಮಲಗಿಸುತ್ತೇನೆ. ಬಸ್ಸಿನ ಹಾರ್ನ್ ಕೇಳಿದರೆ ಅವಳು ಕಿಟಕಿಯಿಂದ ಮುಖ ತಿರುಗಿಸುತ್ತಿದ್ದಳು.

ಆ ಮಂಗಳವಾರ ಮಧ್ಯಾಹ್ನ ಶಾಲೆಯ ಹೆಡ್ ಮೇಡಂ ಕಡೆಯಿಂದ ಒಂದು ಚೀಟಿ ಬಂತು. ಮೇಷ್ಟ್ರು ತರಗತಿಯೊಳಕ್ಕೆ ಬಂದರೂ ಕಿಟಕಿ ಮುಚ್ಚೇ ಇರುತ್ತದೆ, ಮಕ್ಕಳು ಕೂತೇ ಇರುತ್ತಾರೆ, ಮರ್ಯಾದೆ ಅನ್ನುವುದೇ ಇಲ್ಲ ಎಂಬ ದೂರು. ಎರಡು ಸಾಲಿನ ಕೆಲಸ. ‘ಕಿಟಕಿ ತೆರೆಯಲಿ. ಕೂತವರು ಏಳಲಿ.’ ಬರೆದೆ, ಶಿಫ್ಟ್ ಹಿಡಿದು ಬಾಣ ಒತ್ತಿದೆ, ಮೂರು ಗುಂಡಿ ಬಡಿದೆ, ‘ಶಾಲೆಯಲ್ಲಿ ಮೇಷ್ಟ್ರು ಒಳಗೆ ಬಂದರೆ’ ಎಂದು ಷರತ್ತು ತುಂಬಿಸಿದೆ, ಉಳಿಸಿದೆ. ಬಾಣವನ್ನು ಎರಡು ಸಲ ಒತ್ತಬೇಕಿತ್ತು, ಒಂದೇ ಸಲ ಒತ್ತಿದ್ದೆ. ಕೊಂಡಿ ಕಿಟಕಿಯ ಸಾಲನ್ನು ಮಾತ್ರ ತಬ್ಬಿಕೊಂಡಿತು, ಎರಡನೆಯದು ಮುಚ್ಚುವ ಕೊಂಡಿಯ ಕೆಳಗೆ ಬಯಲಿಗೆ ಬಿದ್ದಿತು. ನಾನು ತಿರುಗಿಯೂ ನೋಡಲಿಲ್ಲ, ಆಗಲೇ ಮುಂದಿನ ಚೀಟಿ ಕೈಯಲ್ಲಿತ್ತು.

ನಾಲ್ಕು ಗಂಟೆಗೆ ನಾನು ಎದ್ದು ನಿಂತೆ. ನನಗೇನೂ ಅನ್ನಿಸಲಿಲ್ಲ, ದಿನಕ್ಕೆ ಐವತ್ತು ಸಲ ಏಳುವವಳು ನಾನು. ನೋಡಿದರೆ ಪಕ್ಕದಲ್ಲಿ ಬೋರಲಿಂಗ ನಿಂತಿದ್ದಾನೆ, ಅವನಾಚೆ ಇನ್ನಿಬ್ಬರು ನಿಂತಿದ್ದಾರೆ, ಕೊನೆಗೆ ಚೆನ್ನಿಗಪ್ಪನವರೂ ಮೇಜು ಹಿಡಿದುಕೊಂಡು ಕಣ್ಣುಕಣ್ಣು ಬಿಡುತ್ತಾ ನಿಂತಿದ್ದಾರೆ. ಕೂರಲು ಹೋದರೆ ಕುರ್ಚಿಗೆ ಮೈ ತಾಗಿದ್ದೇ ತಡ, ಕಾಲು ತಾನೇ ಎಬ್ಬಿಸಿ ನಿಲ್ಲಿಸುತ್ತಿತ್ತು. ಬೀದಿಯಲ್ಲೂ ಅದೇ ಕಥೆ. ಚೆನ್ನಿಗಪ್ಪನವರು ಮಾತ್ರ ಗಾಬರಿಯಾಗಲಿಲ್ಲ. “ಯಾವುದೋ ಸಾಲು ಬಯಲಿಗೆ ಬಿದ್ದಿದೆ. ‘ಕೂತವರು’ ಅನ್ನೋ ಮಾತು ಎಲ್ಲೆಲ್ಲಿದೆ ಹುಡುಕ್ರಿ,” ಎಂದರು. ಅರವತ್ತು ಕಡೆ ಸಿಕ್ಕಿತು. ತಲೆಗೆ ಹನ್ನೆರಡರಂತೆ ಹಂಚಿಕೊಂಡು, ನಿಂತೇ ನೋಡತೊಡಗಿದೆವು.

ನನ್ನ ಪಾಲಿನ ಏಳನೆಯದು ಅದೇ. ಶಿಫ್ಟ್ ಹಿಡಿದು ಸಾಲನ್ನು ಆರಿಸಿಯೂ ಆಯಿತು, ಬೆರಳು ಮೂರು ಗುಂಡಿಯ ಮೇಲೆಯೇ ಇತ್ತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಎದುರು ಮನೆಯ ಜುಬೇದಾ. “ಕಾಮಾಕ್ಷಕ್ಕಾ, ಬೇಗ ಬನ್ನಿ! ಸುಭದ್ರಕ್ಕ ಎದ್ದು ನಿಂತವ್ರೆ! ಅಂಗಳದಲ್ಲಿ ಓಡಾಡ್ತಾವ್ರೆ!” ನಾನು ಬೆರಳು ತೆಗೆದೆ. ಬೋರಲಿಂಗ “ನನ್ನ ಪಾಲು ಸರಿ ಇದೆ” ಎಂದ. ಉಳಿದವರೂ ಹಾಗೇ ಎಂದರು. ಚೆನ್ನಿಗಪ್ಪನವರು ನನ್ನ ಕಡೆ ನೋಡಿದರು. “ನಂದೂ ಸರಿ ಇದೆ ಸಾರ್,” ಎಂದುಬಿಟ್ಟೆ. ಆ ಮಾತು ಆಡುವಾಗ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ, ಅದೇ ನನಗೆ ಈಗಲೂ ನಾಚಿಕೆ.

ಮನೆಗೆ ಓಡಿದೆ. ಕುರ್ಚಿ ಖಾಲಿ. ಅಕ್ಕ ಹಿತ್ತಲಿನ ತಂತಿಯಿಂದ ಒಣಗಿದ ಬಟ್ಟೆ ಎಳೆದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಳು. ನಾಲ್ಕು ವರ್ಷದಲ್ಲಿ ನಾನು ಮರೆತೇಬಿಟ್ಟಿದ್ದೆ, ಅಕ್ಕ ನನಗಿಂತ ಎತ್ತರ! “ನೋವಾಗ್ತಿಲ್ವೇನೇ?” ಎಂದೆ. “ಆಗ್ತದೆ. ಇರ್ಲಿ ಬಿಡು,” ಎಂದಳು. “ಹಿಂಗೇನೇ ನೀನು ಬಟ್ಟೆ ಹಾಕೋದು? ಎಲ್ಲಾ ಮುದುರಿಕೊಂಡು ಕೂತವೆ.” ನಾನು ಅವಳನ್ನು ಹಿಡಿದುಕೊಂಡು ಗೊಳೋ ಎಂದು ಅತ್ತೆ. ಅವಳು ನನ್ನ ಬೆನ್ನು ತಟ್ಟುತ್ತಲೇ ಒಂದೊಂದು ಬಟ್ಟೆಯನ್ನೂ ಮಡಿಸಿದಳು.

ಬುಧವಾರ, ಗುರುವಾರ ಊರು ತನ್ನ ಪಾಡು ತಾನು ನೋಡಿಕೊಂಡಿತು. ಮಲಗಿದರೆ ಏನೂ ಆಗುತ್ತಿರಲಿಲ್ಲ, ಸಾಲು ಹೇಳಿದ್ದು ಕೂತವರಿಗೆ ತಾನೆ. ಹಾಗಾಗಿ ಜಗಲಿ ಜಗಲಿಯ ಮೇಲೂ ಜನ ಅಡ್ಡಾಗಿಕೊಂಡೇ ಹರಟೆ ಹೊಡೆದರು. ಕ್ಷೌರದ ಅಂಗಡಿಯಲ್ಲಿ ಗಿರಾಕಿಯನ್ನು ಕಂಬಕ್ಕೆ ಒರಗಿಸಿ ನಿಲ್ಲಿಸುತ್ತಿದ್ದರು. ದರ್ಜಿ ಹೊಲಿಗೆ ಯಂತ್ರವನ್ನು ಅಕ್ಕಿ ಮೂಟೆಗಳ ಮೇಲೇರಿಸಿದ. ಕಾವಿಗೆ ಕೂತ ಕೋಳಿಗಳೂ ಎದ್ದುಬಿಟ್ಟವು, ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ ಒಲೆಯ ಪಕ್ಕ ಇಟ್ಟುಕೊಂಡರು. ಕಕ್ಕಸಿನ ವಿಷಯ ನಾನು ಬರೆಯುವುದಿಲ್ಲ, ನೀವೇ ಊಹಿಸಿಕೊಳ್ಳಿ. ಡ್ರೈವರ್ ಮರಿಗೌಡರು ಕೂರುವಂತಿಲ್ಲ, ಬಸ್ಸು ನಿಲ್ದಾಣದಲ್ಲೇ ನಿಂತಿತು. ಮೊದಲ ದಿನ ನಗುತ್ತಿದ್ದ ಜನ ಎರಡನೆಯ ದಿನ ಮುಖ ಗಂಟುಹಾಕಿಕೊಂಡರು. ಕಾಲು ಊದಿದವರು, ಮಂಡಿ ಹಿಡಿದುಕೊಂಡವರು ನಮ್ಮ ಕಚೇರಿಯ ಬಾಗಿಲಿಗೆ ಬಂದು ಕೂಗಾಡತೊಡಗಿದರು. ಊರೆಲ್ಲ ಹೀಗೆ ಒದ್ದಾಡುತ್ತಿದ್ದರೆ, ಅಕ್ಕ ತಲೆ ಬಾಚಿ, ಹಳೆಯ ಖಾಕಿ ಕೋಟು ಹಾಕಿಕೊಂಡು ಬಸ್ ನಿಲ್ದಾಣಕ್ಕೆ ನಡೆದು ಹೋಗುತ್ತಿದ್ದಳು. ನಿಂತ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಗಂಟೆಗಟ್ಟಲೆ ನಿಂತು ಮರಿಗೌಡರ ಹತ್ತಿರ ಮಾತಾಡಿ ಬರುತ್ತಿದ್ದಳು. ಬರುವಾಗ ಮುಖ ತೊಳೆದಿಟ್ಟ ಹಾಗಿರುತ್ತಿತ್ತು.

ಕಚೇರಿಯಲ್ಲಿ ನನಗೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಐದೂ ಪಾಲು ಸರಿ ಇದೆ ಎಂದಮೇಲೆ ತಪ್ಪು ಬೇರೆಲ್ಲೋ ಇರಬೇಕೆಂದು ಚೆನ್ನಿಗಪ್ಪನವರು ಕಡತವನ್ನು ಮೊದಲ ಸಾಲಿನಿಂದ ಓದಲು ಶುರುಮಾಡಿದ್ದರು. ನಲವತ್ತು ಸಾವಿರ ಸಾಲು, ಬೆರಳಿಟ್ಟು, ಒಂದೊಂದು ಕೊಂಡಿಗೂ ಅದರ ಜೋಡಿ ಹುಡುಕುತ್ತಾ, ನಿಂತೇ. ಅವರಿಗೆ ಕಾಲಿನ ನರ ಗಂಟುಗಟ್ಟುವ ಕಾಯಿಲೆ. ಗುರುವಾರ ಚಪ್ಪಲಿ ಕಾಲಿಗೆ ಹಿಡಿಸದೆ ಪಾದಕ್ಕೆ ಟವಲ್ ಸುತ್ತಿಕೊಂಡು ಬಂದಿದ್ದರು. “ಸ್ವಲ್ಪ ಮಲಕ್ಕೊಳ್ಳಿ ಸಾರ್,” ಎಂದೆ. “ಮಲಗಿದ್ರೆ ಪರದೆ ಕಾಣಲ್ವಲ್ಲಮ್ಮ,” ಎಂದರು. ನಾನು ನನ್ನ ಕಂಪ್ಯೂಟರಿಗೆ ಹೋದೆ, ಏಳನೆಯದನ್ನು ತೆರೆದೆ, ಮುಚ್ಚಿದೆ, ಕಿಟಕಿಗೆ ಹೋದೆ, ನೀರು ಕುಡಿದೆ, ಮತ್ತೆ ತೆರೆದೆ. ಇವತ್ತೊಂದು ದಿನ, ಇವತ್ತೊಂದೇ ದಿನ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಆ ಗುರುವಾರ ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ.

ಅಂದು ಸಂಜೆ ಐದೂವರೆಗೆ ಚೆನ್ನಿಗಪ್ಪನವರು ನಮ್ಮ ಮನೆಗೆ ಬಂದರು. ಮಾರನೆಯ ದಿನ ಓದಬೇಕಾದ ಹಾಳೆಗಳನ್ನು ಕೊಡಲು ಬಂದಿದ್ದರಂತೆ. ಬಾಗಿಲು ತೆರೆದವಳು ಅಕ್ಕ. ಅವರು ಬಾಯಿ ತೆರೆದವರು ಹಾಗೇ ನಿಂತರು. ಅಕ್ಕನ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿದವರು, ಅವಳು ಬಿದ್ದದ್ದು ಗೊತ್ತಿದ್ದವರು. “ಚೆನ್ನಾಗಿದೀರಾ ಸುಭದ್ರಮ್ಮ?” ಎಂದರು. “ನೋಡ್ತಾ ಇದೀರಲ್ಲ ಸಾರ್,” ಎಂದು ಅಕ್ಕ ಕಾಫಿ ತಂದುಕೊಟ್ಟಳು. ನಿಂತೇ ಕುಡಿದರು. ಹೊರಡುವಾಗ ನಾನು ಗೇಟಿನ ತನಕ ಹೋದೆ. ಅವರು ನನ್ನ ಮುಖ ನೋಡಲಿಲ್ಲ, ಟವಲ್ ಸುತ್ತಿದ ತಮ್ಮ ಪಾದ ನೋಡುತ್ತಾ, “ಹನ್ನೆರಡರಲ್ಲಿ ಎಷ್ಟನೇದಮ್ಮ?” ಎಂದರು. “ಏಳನೇದು ಸಾರ್,” ಎಂದೆ. ಅವರು ತಲೆಯಾಡಿಸಿದರು. “ನಾಳೆ ಬೆಳಿಗ್ಗೆ ಹತ್ತೂವರೆಗೆ ನಾನೇ ಕೊಂಡಿ ಮುಚ್ತೀನಿ. ಅದು ಯಾವಾಗ ಊರಿಗೆ ತಾಕುತ್ತೋ ಹೇಳಕ್ಕಾಗಲ್ಲ. ನೀನು ಕಚೇರಿಗೆ ಬರಬೇಡ. ಅಕ್ಕನ್ನ ಹಿಡ್ಕೊಂಡಿರು,” ಎಂದರು. ನಾನು ಏನೋ ಹೇಳಲು ಹೋದೆ. “ಆಮೇಲೆ, ಆಮೇಲೆ,” ಎಂದು ಕುಂಟುತ್ತಾ ಹೊರಟುಹೋದರು.

ಅಕ್ಕ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಏಳನೇದು ಅಂದ್ರೆ ಏನೇ?” ಎಂದಳು. ಹೇಳಿದೆ. ಒಂದೂ ಬಿಡದೆ ಹೇಳಿದೆ. “ಮುಚ್ಚಬೇಡ ಅನ್ನು ಅವರಿಗೆ,” ಎಂದಳು. “ಅಕ್ಕಾ, ಊರೆಲ್ಲಾ...” ಎಂದೆ. “ಊರೆಲ್ಲಾ! ನಾಲ್ಕು ವರ್ಷ ನಾನು ಕೂತಿದ್ದಾಗ ಊರೆಲ್ಲಾ ಓಡಾಡ್ಕೊಂಡೇ ಇತ್ತಲ್ಲ, ಒಬ್ಬರಾದ್ರೂ ಕಚೇರಿ ಬಾಗಿಲಿಗೆ ಬಂದು ಕೂಗಾಡಿದ್ರಾ? ಮೂರು ದಿನಕ್ಕೇ ಸಾಕಾಯ್ತಾ ಇವರಿಗೆ?” ಅವಳ ಗಂಟಲ ನರ ಉಬ್ಬಿತ್ತು. ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದು? ಅವಳು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಂದು ನಾವು ಊಟ ಮಾಡಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಕ್ಕ ಮನೆಯಲ್ಲಿರಲಿಲ್ಲ. ಬಾಗಿಲಿಗೆ ಬಂದು ನೋಡಿದರೆ ಎದುರು ಮನೆಯಿಂದ ಬರುತ್ತಿದ್ದಳು. ಜುಬೇದಾಗೆ ಎಂಟು ತಿಂಗಳು. ಮಲಗಿದರೆ ಉಸಿರು ಕಟ್ಟುತ್ತದೆ, ನಿಂತರೆ ಕಾಲು ಕಂಬವಾಗುತ್ತದೆ, ಕೂರುವ ಹಾಗಿಲ್ಲ. ಹಣೆಯನ್ನು ಗೋಡೆಗೆ ಆನಿಸಿಕೊಂಡು ನಿಂತಿದ್ದಳಂತೆ. ಅಕ್ಕ ಅವಳ ಕಾಲಿಗೆ ಬಿಸಿನೀರು ಹಾಕಿ ಬಂದಿದ್ದಳು. ಬಂದವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, “ಬಸುರಿ ಹೆಂಗಸು ಬಸ್ಸು ಹತ್ತಿದ್ರೆ ನಾನು ಎಂಥೆಂಥಾ ಗಂಡಸರನ್ನ ಎಬ್ಬಿಸಿಲ್ಲ? ಏಳ್ರೀ, ಕಣ್ಣು ಕಾಣಲ್ವಾ, ಸೀಟು ಬಿಡ್ರೀ ಅಂತ ಕೂಗ್ತಿದ್ದೆ,” ಎಂದಳು. ಆಮೇಲೆ ನನ್ನ ಕಡೆ ನೋಡದೆ, “ಇವತ್ತು ಬಿಡಬೇಕಾದವಳು ನಾನೇ ಆಗಿ ಕೂತಿದೀನಿ. ಮುಚ್ಚಿಸು,” ಎಂದಳು. ಕೂತಿದೀನಿ ಎಂದದ್ದಕ್ಕೆ ಅವಳಿಗೇ ನಗು ಬಂತು, ನಗು ಅರ್ಧಕ್ಕೇ ನಿಂತಿತು.

ನನ್ನ ತಲೆ ಸುಮ್ಮನಿರಬೇಕಲ್ಲ! ಅದೇ ಸಾಲನ್ನು ನಮ್ಮ ಮನೆಗೆಂದು ಬರೆದರೆ ಅಕ್ಕನ ಮೈ ಸರಿಮಾಡಲು ಬರೆದಂತಾಗಿ ಕಡತ ಅಳಿಸಿಬಿಡುತ್ತದೆ, ಅದು ನನಗೆ ಗೊತ್ತಿತ್ತು. “ಅಕ್ಕಾ, ಮುಚ್ಚಿದ್ರೂ ಆ ಸಾಲು ಶಾಲೆ ಒಳಗೆ ಇದ್ದೇ ಇರುತ್ತೆ. ದಿನಾ ನಿನ್ನ ಎತ್ಕೊಂಡು ಹೋಗಿ ಹಿಂದಿನ ಬೆಂಚಲ್ಲಿ ಕೂರಿಸ್ತೀನಿ. ಮೇಷ್ಟ್ರು ಒಳಗೆ ಬಂದ ತಕ್ಷಣ ನೀನೂ ಏಳ್ತೀಯ,” ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ದುರುಗುಟ್ಟಿ ನೋಡಿದಳು. “ಮೇಷ್ಟ್ರಿಗೆ ನಮಸ್ಕಾರ ಹೊಡೆಯೋಕೆ ಏಳ್ಬೇಕಾ ನಾನು? ಅವರು ಕೂತ್ಕೊಳ್ಳಿ ಅಂದ ತಕ್ಷಣ ದಿನಾ ಹೊಸದಾಗಿ ಬೀಳ್ಬೇಕಾ? ಒಂದು ಸಲ ಸಾಕು ಕಣೇ,” ಎಂದಳು. ಮತ್ತೆ ಆ ಮಾತೆತ್ತಲು ನನಗೆ ಧೈರ್ಯ ಬರಲಿಲ್ಲ.

ಹತ್ತೂಮುಕ್ಕಾಲಿಗೆ ಫೋನ್ ಬಂತು. “ಮುಚ್ಚಿದೀನಮ್ಮ. ಎರಡು ಸಲ ನೋಡಿದೀನಿ,” ಎಂದರು ಚೆನ್ನಿಗಪ್ಪನವರು. ನಾನು ಅಕ್ಕನ ಸೊಂಟ ಬಳಸಿ ಹಿಡಿದೆ. ಕುರ್ಚಿ ತರಲಾ ಎಂದರೆ ಬೇಡವೆಂದಳು. “ಇಲ್ಲೇ ನಿಂತು ಯಾಕೆ ಕಾಯೋದು? ನಡಿ,” ಎಂದಳು. ಬೀದಿಗಿಳಿದೆವು. ಬೀದಿಯ ಆ ತುದಿಗೆ ಹೋದೆವು, ಈ ತುದಿಗೆ ಬಂದೆವು. ಹನ್ನೊಂದು ಹೊಡೆಯಿತು, ಹನ್ನೊಂದೂವರೆಯಾಯಿತು. ಈಗಲೋ, ಈಗಲೋ ಎಂದು ಒಂದೊಂದು ಹೆಜ್ಜೆಗೂ ಹಿಡಿತ ಬಿಗಿ ಮಾಡುತ್ತಿದ್ದೆ. ಓಡಿಹೋಗಿ ಕಡತವನ್ನೇ ಚಿಂದಿ ಮಾಡಿಬಿಡಲೇ ಎನಿಸುತ್ತಿತ್ತು. ಅಕ್ಕನಿಗೆ ಆತುರವಿರಲಿಲ್ಲ. ಸೊಪ್ಪಿನವಳ ಹತ್ತಿರ ದಂಟಿನ ಬೆಲೆ ಕೇಳಿದಳು, ಜಾಸ್ತಿಯಾಯಿತು ಎಂದಳು. ಜುಬೇದಾಳ ಕಿಟಕಿಗೆ ಕೈಬೀಸಿದಳು. “ನೋಡು, ಆ ಸಂಪಿಗೆ ಮರ ಎಷ್ಟು ಎತ್ತರ ಹೋಗಿದೆ! ನನ್ನ ಕಿಟಕಿಯಿಂದ ಬುಡ ಮಾತ್ರ ಕಾಣ್ತಿತ್ತು,” ಎಂದಳು. ಐದನೆಯ ಸುತ್ತೋ ಆರನೆಯದೋ ಇರಬೇಕು.

ಬಟ್ಟೆ ಅಂಗಡಿಯ ಮುದುಕರು ಮೂರು ದಿನದಿಂದ ಗಂಟೆಗೊಂದು ಸಲ ಕೂತು ನೋಡುತ್ತಿದ್ದವರು, ಆಗಲೂ ಕಟ್ಟೆಯ ಮೇಲೆ ಕೂತು ನೋಡಿದರು. ಏಳಲಿಲ್ಲ. ಎರಡೂ ಕೈ ಕಟ್ಟೆಗೆ ಊರಿ, ನಂಬಿಕೆ ಬಾರದೆ ಅತ್ತಿತ್ತ ನೋಡಿ, “ಅಯ್ಯಪ್ಪಾ!” ಎಂದರು. ಅವರ ಪಕ್ಕದವರು ಕೂತರು. ಸೊಪ್ಪಿನವಳು ಬುಟ್ಟಿಯ ಪಕ್ಕ ದೊಪ್ಪನೆ ಕೂತಳು. ಜಗಲಿಯ ಮೇಲೆ ಮಲಗಿದ್ದವರೆಲ್ಲ ಎದ್ದು ಕೂತರು. ಎದುರು ಕಿಟಕಿಯಲ್ಲಿ ಜುಬೇದಾಳ ಮುಖ ಮೆಲ್ಲಗೆ ಕೆಳಗಿಳಿದು ಮರೆಯಾಯಿತು, ಒಳಗಿನಿಂದ ಅವಳು ‘ಯಾ ಅಲ್ಲಾ’ ಎಂದದ್ದು ಬೀದಿಗೆ ಕೇಳಿಸಿತು. ಅಷ್ಟು ಖುಷಿಯ ಸದ್ದನ್ನು ನಾನು ಆ ಬೀದಿಯಲ್ಲಿ ಕೇಳಿರಲಿಲ್ಲ.

“ಬಂತು ಕಣೇ,” ಎಂದಳು ಅಕ್ಕ. ಅವಳ ಮೊಣಕಾಲು ಮಡಿಸಿಕೊಂಡಿತು, ಸೊಂಟ ಜಾರಿತು, ನಾಲ್ಕು ವರ್ಷದಿಂದ ನನಗೆ ಪರಿಚಯವಿದ್ದ ಆ ಭಾರವೆಲ್ಲ ಒಟ್ಟಿಗೆ ನನ್ನ ತೋಳಿಗೆ ಬಂತು. ನಾನು ಕಾಲು ಅಗಲಿಸಿ, ಅವಳನ್ನು ಎದೆಗೆ ಒತ್ತಿ ಹಿಡಿದೆ. ಬೀದಿಯವರು ಸಂತೋಷದಲ್ಲಿ, ಏನೂ ತಿಳಿಯದೆ, “ಕೂತ್ಕೊಳ್ಳಿ ಕಾಮಾಕ್ಷಮ್ಮ, ನೀವೂ ಕೂತ್ಕೊಳ್ಳಿ, ಸರಿಹೋಯ್ತು!” ಎಂದು ಕೂಗುತ್ತಿದ್ದರು. ಅಕ್ಕ ನನ್ನ ಕಿವಿಯ ಹತ್ತಿರ, “ಇಳಿಸಬೇಡ ಕಣೇ. ಇನ್ನು ಸ್ವಲ್ಪ ಹೊತ್ತು,” ಎಂದಳು. ನಾನು ಇಳಿಸಲಿಲ್ಲ. ಊರೆಲ್ಲ ಕೂತಿತ್ತು. ನನ್ನ ಎರಡು ಕಾಲಿನ ಮೇಲೆ ನಾವಿಬ್ಬರೂ ನಿಂತಿದ್ದೆವು.